ಆರೂವರೆ ಕಿಲೋ

ಕಾರ್ಖಾನೆಯ ಹೆಂಗಸೊಬ್ಬಳು ನನ್ನ ಕೊಕ್ಕೆಗೆ ಕಬ್ಬಿಣದ ತೂಕದ ಕಲ್ಲನ್ನು ತೂಗುಹಾಕಿ ನೋಡಿದಳು, ತೆಗೆದಳು. ಬೆನ್ನಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ತೂಗುಹಾಕಿದಳು. ಕಲ್ಲು ತೆಗೆದಾಗ ನನ್ನ ಮುಳ್ಳು ಸೊನ್ನೆಯ ಮೇಲೆ ಅಲುಗಾಡದೆ ನಿಂತಿತು. ನನ್ನ ಗಾಜನ್ನು ಸೆರಗಿನಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ನಾನು ಹುಟ್ಟಿದ್ದು ಹೀಗೆ.

ನಾನು ಒಂದು ಸ್ಪ್ರಿಂಗ್ ತಕ್ಕಡಿ. ದುಂಡು ಮುಖ, ಒಂದು ಮುಳ್ಳು, ಮೇಲೊಂದು ಕೆಳಗೊಂದು ಕೊಕ್ಕೆ. ಹೊಟ್ಟೆಯೊಳಗೆ ಉಕ್ಕಿನ ಸುರುಳಿ. ಏನನ್ನು ತೂಗುಹಾಕಿದರೂ ಭೂಮಿ ಅದನ್ನು ತನ್ನ ಕಡೆಗೆ ಎಳೆಯುತ್ತದೆ, ಸುರುಳಿ ಹಿಗ್ಗುತ್ತದೆ, ಮುಳ್ಳು ಸರಿಯುತ್ತದೆ. ನನಗೆ ಗೊತ್ತಾಗುವುದು ಆ ಎಳೆತವೊಂದೇ. ಎಳೆಸಿಕೊಳ್ಳುತ್ತಿರುವುದು ಏನು ಎಂಬುದು ಗೊತ್ತಾಗುವುದಿಲ್ಲ.

ಕೊಪ್ಪಳದ ಕಡೆಯ ಒಂದು ಹಳ್ಳಿಯ ಅಂಗನವಾಡಿಗೆ ನನ್ನನ್ನು ತಂದರು. ಬಸಲಿಂಗಮ್ಮ ಟೀಚರ್ ನನ್ನನ್ನು ತೊಲೆಗೆ ನೇತುಹಾಕಿ ಕೆಳಗೆ ಬಟ್ಟೆಯ ಜೋಳಿಗೆ ಕಟ್ಟಿದರು. ಅದರಲ್ಲಿ ಊರಿನ ಕೂಸುಗಳು ಕಾಲು ಇಳಿಬಿಟ್ಟುಕೊಂಡು ಕುಳಿತವು. ಕೆಲವು ಅತ್ತವು, ಕೆಲವು ಜೋಳಿಗೆಯಲ್ಲೇ ಉಚ್ಚೆ ಹೊಯ್ದವು.

ಒಮ್ಮೆ ಪಕ್ಕದ ಶಾಲೆಯ ಹನುಮಗೌಡ ಮಾಸ್ತರು ನನ್ನನ್ನು ಪಾಠಕ್ಕೆಂದು ಒಯ್ದರು. ಉಳ್ಳಾಗಡ್ಡಿಯ ಚೀಲವನ್ನು ನನಗೆ ತೂಗುಹಾಕಿ ಎಷ್ಟೆಂದು ಕೇಳಿದರು.

“ಎರಡು ಸರ!” ಎಂದ ಒಬ್ಬ.

“ಎರಡು ಏನಲೇ? ಎರಡು ಕತ್ತೇನಾ? ಏಕಮಾನ ಹೇಳದಿದ್ರ ಬರೀ ಅಂಕಿಗೆ ಬೆಲಿ ಇಲ್ಲ.”

“ಎರಡು ಕಿಲೋ ಸರ.”

ಹಿಂದಿನಿಂದ ಹುಡುಗಿಯೊಬ್ಬಳು ಕೇಳಿದಳು: “ಸರ, ಚೀಲದ ತೂಕ ಕಳೀಬೇಕೇನ್ರಿ?”

“ಮತ್ತ? ಕಳೀಲಿಲ್ಲಂದ್ರ ಚೀಲಾನೂ ಉಳ್ಳಾಗಡ್ಡಿ ಆಕ್ಕೈತಿ. ನಿಮ್ಮವ್ವ ಅದನ್ನೂ ಹೆಚ್ಚಿ ಪಲ್ಯ ಮಾಡಬೇಕಾಕ್ಕೈತಿ.”

ಎಲ್ಲರೂ ನಕ್ಕರು. ಸಂಜೆ ನನ್ನನ್ನು ತಂದು ತೊಲೆಗೆ ಹಾಕಿದರು.

ಹುಲಿಗೆಮ್ಮ ತನ್ನ ಕೂಸು ಮಲ್ಲವ್ವನನ್ನು ತಂದದ್ದು ಆಮೇಲೆ. ವರ್ಷ ತುಂಬುತ್ತ ಬಂದಿದ್ದರೂ ಆ ಕೂಸಿಗೆ ಕೂರಲು ಬಲವಿರಲಿಲ್ಲ. ಅಳುತ್ತಲೂ ಇರಲಿಲ್ಲ, ನನ್ನ ಮುಳ್ಳನ್ನೇ ನೋಡುತ್ತಿತ್ತು. ಸೊಂಟದಲ್ಲಿ ಬೆಳ್ಳಿಯ ಉಡಿದಾರ, ಕೈಕಾಲಿಗೆ ಕಡಗ, ಕೊರಳಲ್ಲಿ ತಾಯ್ತ.

“ಇವನ್ನೆಲ್ಲ ತೆಗೀರಿ, ತೂಕ ಸರಿ ಬರಂಗಿಲ್ಲ,” ಎಂದರು ಟೀಚರ್.

ಹುಲಿಗೆಮ್ಮನ ಅತ್ತೆ ಯಂಕಮ್ಮ ಮುಂದೆ ಬಂದಳು. “ಏನ್ ಟೀಚರ್, ಎಲ್ಲಾರ ಕಣ್ಣ ಮುಂದ ಕೂಸಿನ ಉಡದಾರ ಬಿಚ್ಚು ಅಂತೀರಲ್ಲ! ಬರೀ ಮೈಲೆ ತೂಗಿದ ಕೂಸು ಉಳೀತೈತೇನು?”

“ಅತ್ತಿ, ಬಿಚ್ಚೇ ತೂಗಿಸೂಣ್ರಿ,” ಎಂದಳು ಹುಲಿಗೆಮ್ಮ, ಮೆಲ್ಲಗೆ.

“ನೀ ಸುಮ್ಕಿರ. ಕೆಂಪು ಬಂದ್ರ ಕೂಸಿನ ಕೂಡ ದವಾಖಾನ್ಯಾಗ ಹೋಗಿ ಕೂಡ್ತಿ. ಇಲ್ಲಿ ರೊಟ್ಟಿ ಬಡಿಯಾಕ ನಿಮ್ಮವ್ವ ಬರ್ತಾಳೇನು?”

ಗೋಡೆಯ ಮೇಲೆ ಬಣ್ಣದ ಪಟವೊಂದಿತ್ತು. ಹಸಿರು ಬಂದರೆ ಕೂಸು ಚೆನ್ನಾಗಿದೆ. ಹಳದಿಯಾದರೆ ಜಾಸ್ತಿ ಮೊಟ್ಟೆ, ಜಾಸ್ತಿ ಹಾಲಿನಪುಡಿ. ಕೆಂಪು ಬಂದರೆ ತಾಯಿ, ಕೂಸು ಇಬ್ಬರನ್ನೂ ದೊಡ್ಡಾಸ್ಪತ್ರೆಗೆ ಕಳಿಸಿ, ಅಲ್ಲೇ ಇಟ್ಟುಕೊಂಡು ಉಣಿಸಿ ಔಷಧ ಕೊಡುತ್ತಾರೆ. ಟೀಚರ್ ಯಂಕಮ್ಮನ ಜೊತೆ ವಾದಿಸದೆ ಒಡವೆಗಳ ಸಮೇತವೇ ಕೂಸನ್ನು ತೂಗಿದರು. ಮುಳ್ಳು ಆರೂವರೆ ಕಿಲೋಗೆ ನಿಂತಿತು. ಕೆಂಪಿಗೆ ಸ್ವಲ್ಪವೇ ಮೇಲೆ, ಹಳದಿ.

ಮುಂದಿನ ತಿಂಗಳು ಮಲ್ಲವ್ವನ ತೊಡೆಯ ಚರ್ಮ ಸುಕ್ಕುಗಟ್ಟಿತ್ತು. ದೃಷ್ಟಿಯಾಗಿದೆ ಎಂದು ಯಂಕಮ್ಮ ಇನ್ನೊಂದು ತಾಯ್ತ ಕಟ್ಟಿಸಿದ್ದಳು. ತಾಮ್ರದ್ದು, ದಪ್ಪನೆಯದು. ಮುಳ್ಳು ಮತ್ತೆ ಆರೂವರೆಗೆ ನಿಂತಿತು.

“ಇಳಿದಿಲ್ಲ ನೋಡ್ರಿ,” ಎಂದು ಯಂಕಮ್ಮ ಸಮಾಧಾನಪಟ್ಟಳು. ಮೊಮ್ಮಗಳ ಹಣೆಗೆ ಮುತ್ತು ಕೊಟ್ಟಳು. ಆ ಪ್ರೀತಿ ಸುಳ್ಳಲ್ಲ.

ಅದರ ಮುಂದಿನ ತಿಂಗಳು ಸೊಂಟಕ್ಕೆ ಬೆಳ್ಳಿಯ ಗೆಜ್ಜೆಗಳು ಬಂದಿದ್ದವು. ಕೂಸು ಎಷ್ಟು ಕರಗುತ್ತಿತ್ತೋ ಅಜ್ಜಿ ಅಷ್ಟು ಕಟ್ಟುತ್ತಿದ್ದಳು. ಭೂಮಿ ಬೆಳ್ಳಿಯನ್ನೂ ಕೂಸನ್ನೂ ಒಂದೇ ರೀತಿ ಎಳೆಯಿತು, ನಾನು ಎರಡನ್ನೂ ಕೂಡಿಸಿ ತೋರಿಸಿದೆ. ಆರೂವರೆ. ಟೀಚರ್ ಹಳದಿಯಲ್ಲಿ ಚುಕ್ಕಿ ಇಟ್ಟರು. ಹುಲಿಗೆಮ್ಮ ಆ ಚುಕ್ಕಿಯನ್ನು ನೋಡಿ, ಕೂಸನ್ನು ನೋಡಿ, ಏನೋ ಹೇಳಲು ಬಾಯಿ ತೆರೆದಳು. ಅತ್ತೆ ಆಗಲೇ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು.

ಆಮೇಲೆ ಮಲ್ಲವ್ವ ಬರಲಿಲ್ಲ. ಜ್ವರ ಬಂದು ಒಂದೇ ದಿನಕ್ಕೆ ಹೋಯಿತಂತೆ ಎಂದು ಮೊಟ್ಟೆ ಒಯ್ಯಲು ಬಂದ ಹೆಂಗಸರು ಮಾತಾಡಿಕೊಂಡರು. ಟೀಚರ್ ಅವತ್ತು ಯಾರ ಕೂಸನ್ನೂ ತೂಗಲಿಲ್ಲ.

ಈಗ ನೆಲದ ಮೇಲಿಡುವ ಹೊಸ ಯಂತ್ರ ಬಂದಿದೆ. ಅದಕ್ಕೆ ಮುಳ್ಳಿಲ್ಲ, ಅಂಕಿ ಮಾತ್ರ ಹೊಳೆಯುತ್ತದೆ. ನಾನು ಮೂಲೆಯ ಮೊಳೆಗೆ ತೂಗಿಕೊಂಡಿದ್ದೇನೆ, ಪಕ್ಕದಲ್ಲಿ ಗೋಧಿ ರವೆಯ ಚೀಲಗಳು. ಗಾಜು ಬಿರುಕುಬಿಟ್ಟಿದೆ, ಕೊಕ್ಕೆಗೆ ತುಕ್ಕು. ಮುಳ್ಳು ಮಾತ್ರ ಇನ್ನೂ ಸೊನ್ನೆಯಲ್ಲೇ ನಿಲ್ಲುತ್ತದೆ, ಆ ಹೆಂಗಸು ನಿಲ್ಲಿಸಿದ ಹಾಗೆಯೇ. ಅಳತೆ ಸರಿಯಿದ್ದರೆ ಸಾಲದು, ಏನನ್ನು ಅಳೆಯುತ್ತಿದ್ದೇವೆ ಎಂದು ಯಾರಾದರೂ ನೋಡಬೇಕು ಎಂದು ಇಲ್ಲಿ ತೂಗಿಕೊಂಡೇ ಯೋಚಿಸುತ್ತೇನೆ.

ನಿನ್ನೆ ಮಧ್ಯಾಹ್ನ ಹುಲಿಗೆಮ್ಮ ಒಬ್ಬಳೇ ಬಂದಳು. ಹೊಸ ಯಂತ್ರದ ಕಡೆ ನೋಡಲಿಲ್ಲ. ನೇರ ಮೂಲೆಗೆ ಬಂದು ನನ್ನನ್ನು ಮೊಳೆಯಿಂದ ಬಿಡಿಸಿ ಟೀಚರ್ ಮುಂದೆ ಹಿಡಿದಳು. ಇನ್ನೊಂದು ಕೈಯಿಂದ ಸೆರಗಿನ ಗಂಟು ಬಿಚ್ಚಿದಳು. ಉಡಿದಾರ, ಕಡಗಗಳು, ಗೆಜ್ಜೆ, ಎರಡು ತಾಯ್ತ.

“ಟೀಚರ್, ಇವನ್ನಷ್ಟ ತೂಗ್ರಿ.”

ಬಸಲಿಂಗಮ್ಮ ಟೀಚರ್ ನೆಲ ನೋಡಿದರು. ಚಾಪೆಯ ಮೇಲೆ ಮಕ್ಕಳು ಮಲಗಿದ್ದವು. ಹುಲಿಗೆಮ್ಮ ನನ್ನ ಖಾಲಿ ಕೊಕ್ಕೆಯನ್ನು ಟೀಚರ್ ಕಡೆಗೆ ಇನ್ನಷ್ಟು ಚಾಚಿದಳು.

“ಒಂದ ಸಲ ತೂಗಿ ಹೇಳ್ರಿ, ಟೀಚರ್.”