ಓರೆಕುತ್ತಿಗೆ ಬೀದಿಯ ಕತ್ತರಿ

ಈ ಕತೆಯನ್ನು ನನಗೆ ಇಬ್ಬರು ಹೇಳಿದ್ದಾರೆ. ದರ್ಜಿಗಳ ಬೀದಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟವನು ಒಬ್ಬ. ಮನೆಮನೆಗೆ ಗುಂಡಿ, ಲೇಸು ಮಾರುವವಳು ಇನ್ನೊಬ್ಬಳು. ಎರಡು ಪಾಠಗಳೂ ಬಹುಮಟ್ಟಿಗೆ ಒಂದೇ. ಬೇರೆಯಾಗುವ ಕಡೆ ಹಾಗೆಂದು ಹೇಳುತ್ತೇನೆ.

ಆ ಬೀದಿಯಲ್ಲಿ ಹದಿನೇಳು ಹೊಲಿಗೆ ಅಂಗಡಿಗಳು. ಹದಿನೇಳರಲ್ಲಿಯೂ ಅಳತೆ ತೆಗೆಯುವಾಗ, ಬಟ್ಟೆ ಕತ್ತರಿಸುವಾಗ ಕುತ್ತಿಗೆಯನ್ನು ಎಡಕ್ಕೆ ಓರೆ ಮಾಡುವುದು ರೂಢಿ. ಮೊದಲ ಅಂಗಡಿ ತೆರೆದ ದೊಡ್ಡ ಮಾಸ್ಟರು ಹಾಗೆ ಮಾಡುತ್ತಿದ್ದರು. ಮಿಕ್ಕ ಹದಿನಾರು ಮಂದಿ ಅವರ ಶಿಷ್ಯರು. ಗುರುವಿನ ಕೈ ಎಲ್ಲರಿಗೂ ಬರಲಿಲ್ಲ, ಕುತ್ತಿಗೆ ಮಾತ್ರ ಎಲ್ಲರಿಗೂ ಬಂತು.

ಓರೆಯಾಗಿ ನೋಡಿ ಕತ್ತರಿಸಿದ ಕಾಲರು ಬಲಬದಿಗೆ ಬೆರಳಗಲ ಎತ್ತರವಾಗುತ್ತಿತ್ತು. ತೊಟ್ಟವರು ತಲೆಯನ್ನು ತುಸು ಎಡಕ್ಕೆ ವಾಲಿಸಿದರೆ ಅಂಗಿ ಸರಿಹೋಗುತ್ತಿತ್ತು. ವಾಲಿಸಿದರು. ಕೆಲವೇ ವರ್ಷಗಳಲ್ಲಿ ಊರಿನ ಮರ್ಯಾದಸ್ಥರೆಲ್ಲ ಎಡಕ್ಕೆ ವಾಲಿಕೊಂಡು ನಡೆದಾಡತೊಡಗಿದರು. ಅಂಗಡಿಯ ಬೋರ್ಡುಗಳನ್ನೂ ಅದೇ ಓರೆಗೆ ತೂಗುಹಾಕಿದರು, ಓದಲು ಸುಲಭವಾಗಲೆಂದು. ನೆಟ್ಟ ಕುತ್ತಿಗೆಯವರು ಎದುರಾದರೆ, "ಸೊಕ್ಕು ನೋಡು ಅವನಿಗೆ" ಎಂದು ಗೊಣಗುತ್ತಿದ್ದರು.

ದೊಡ್ಡ ಮಾಸ್ಟರು ತೀರಿಕೊಂಡು ವರ್ಷ ತುಂಬಿತ್ತು. ಅವರ ದೊಡ್ಡ ಕತ್ತರಿ ಹೆಂಡತಿಯ ಬಳಿ, ತಗಡಿನ ಪೆಟ್ಟಿಗೆಯಲ್ಲಿತ್ತು. ಅದು ಯಾರ ಕೈಸೇರುವುದೋ ಅವರೇ ಇನ್ನು ಬೀದಿಗೆ ದೊಡ್ಡವರು. ಮೊದಲ ಅಂಗಡಿಯ ಮುಂದಿನ ಮೇಜು ಅವರದು. ಮಗ ಪಾಪದವನು, ಒಳಗೆ ಕೂತು ಗುಂಡಿಯ ಕಾಜಾ ಹೊಲಿಯುವುದರಲ್ಲೇ ಸುಖವಾಗಿದ್ದ. ಕತ್ತರಿಯ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬ, ಶಿಷ್ಯರಲ್ಲಿ ಹಿರಿಯವನಾದ ಇಂಚುಪಟ್ಟಿ. ಅಳತೆಪಟ್ಟಿಯನ್ನು ಕೊರಳಿಂದ ತೆಗೆಯದೆ ಮಲಗುತ್ತಿದ್ದನೆಂದು ಆ ಹೆಸರು. ಇನ್ನೊಬ್ಬಳು ಮನೆಯ ಸೊಸೆ.

ಸೊಸೆಯ ಕೈ ಬಂಗಾರದಂಥದು, ಕುತ್ತಿಗೆ ಮಾತ್ರ ನೆಟ್ಟಗೆ. ಓರೆ ಮಾಡಿದರೆ ಅವಳ ಗೆರೆ ತಪ್ಪುತ್ತಿತ್ತು. ಕತ್ತರಿ ಸಿಗದಿದ್ದರೆ ಬದುಕೆಲ್ಲ ಪ್ಯಾಂಟುಗಳ ಅಂಚು ಮಡಿಸುತ್ತ ಹಿಂದಿನ ಕೋಣೆಯಲ್ಲಿ ಕಳೆಯಬೇಕೆಂದು ಅವಳಿಗೆ ಗೊತ್ತಿತ್ತು.

ಕತ್ತರಿ ಯಾರಿಗೆಂದು ಅತ್ತೆ ತೀರ್ಮಾನಿಸುವುದಕ್ಕೆ ನಾಲ್ಕು ದಿನ ಇರುವಾಗ ಶಾಲೆಯ ಹೆಡ್ ಮಾಸ್ತರು ಅವಳು ಹೊಲಿದ ಅಂಗಿಯನ್ನು ಹಿಂದಕ್ಕೆ ತಂದರು.

"ಏನಮ್ಮ ಇದು, ಕಾಲರು ಸೊಟ್ಟ!"

"ಸೊಟ್ಟ ಇಲ್ಲ ಸರ್. ಸ್ಕೇಲ್ ಇಟ್ಟು ನೋಡಿ."

"ಸ್ಕೇಲ್ ತೊಟ್ಕೊಂಡು ಶಾಲೆಗೆ ಹೋಗ್ಲಾ? ನನ್ನ ಕಿವಿಗೆ ಚುಚ್ಚುತ್ತೆ!"

ಎದುರಂಗಡಿಯಿಂದ ಇಂಚುಪಟ್ಟಿ ಕೂಗಿದ. "ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ, ಹಾಗಾಯ್ತು!"

"ನೆಲ ನಿಜವಾಗ್ಲೂ ಡೊಂಕಿದ್ರೆ ಏನು ಮಾಡ್ಬೇಕು ಅಣ್ಣ?" ಎಂದಳು ಸೊಸೆ.

"ನೆಲದ ಜೊತೆ ಡೊಂಕಾಗ್ಬೇಕು ತಂಗಿ. ಊರಲ್ಲಿ ಬಾಳೋದು ಅಂದ್ರೆ ಅದೇ."

ಮಾತು ಅವಳಿಗೆ ನಾಟಿತು. ಆಗಲಿ, ಒಂದು ಓರೆಯಿಂದ ಬದುಕು ನೇರವಾಗುವುದಾದರೆ ಆಗಲಿ ಎಂದುಕೊಂಡಳು. ಮರುದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮಾವನ ಹಳೆಯ ಸ್ಟೂಲಿನ ಮೇಲೆ ಕೂತು ಅಭ್ಯಾಸಕ್ಕೆ ತೊಡಗಿದಳು. ನೆಟ್ಟಗೆ ಕೂತರೆ ಎದುರಿಗೆ ಅಂಗಡಿಯ ಕಲ್ಲುಕಂಬ, ಬೇರೇನೂ ಕಾಣದು. ಕುತ್ತಿಗೆಯನ್ನು ಎಡಕ್ಕೆ ವಾಲಿಸಿದಳು. ಕಂಬದ ಪಕ್ಕದಿಂದ ಬೀದಿ ಕಂಡಿತು. ಇನ್ನೂ ಒಂದು ಬೆರಳು ವಾಲಿಸಿದಳು. ಎದುರು ಮನೆಯ ಮಹಡಿಯಲ್ಲಿ ಒಂದು ಕಿಟಕಿ, ಚೌಕಟ್ಟು ಹಾಕಿಸಿದ ಪಟದ ಹಾಗೆ, ಪೂರ್ತಿಯಾಗಿ ಕಂಡಿತು.

ಸೊಸೆ ಮಾವನ ಸ್ಟೂಲನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದಳು. ಆಮೇಲೆ ಒಳಗೆ ಗುಂಡಿ ಹಚ್ಚುತ್ತಿದ್ದ ಅತ್ತೆಯನ್ನು ಕೇಳಿದಳು:

"ಅತ್ತೆ, ಎದುರಿಗೆ ಮಹಡಿ ಮೇಲೊಂದು ಕಿಟಕಿ ಇದೆಯಲ್ಲ, ಅದು ಯಾರ ಮನೇದು?"

ಅತ್ತೆಯ ಬೆರಳಿಗೆ ಸೂಜಿ ಚುಚ್ಚಿತು.

"ಗೊತ್ತಿಲ್ವೇನೆ? ನನ್ನ ತವರು ಮನೇದು."

"ಅಲ್ಲಿ ಯಾರು ಕೂತಿರ್ತಿದ್ರು?"

"ಯಾರು ಅಂದ್ರೆ? ದಾರ ಸುತ್ತೋಕೆ ಬೆಳಕು ಬೇಡ್ವಾ? ನಾನೇ ಕೂತಿರ್ತಿದ್ದೆ."

"ದಿನಾ?"

"ದಾರ ದಿನಾ ಇರ್ತಿತ್ತಪ್ಪ!"

ಇಷ್ಟು ಹೇಳಿ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅರವತ್ತು ದಾಟಿದ ಆ ಮುಖ ಕೆಂಪಾದುದನ್ನು ಸೊಸೆ ಮೊದಲ ಸಲ ಕಂಡಳು.

"ಅಂದ್ರೆ ಮಾವ ಕುತ್ತಿಗೆ ಓರೆ ಮಾಡ್ತಿದ್ದದ್ದು..."

"ಶ್! ಹದಿನಾರು ಗಂಡಸರು ಅದನ್ನೇ ಶಾಸ್ತ್ರ ಅಂದ್ಕೊಂಡು ಬಾಳ್ತಿದಾರೆ. ಹೇಳಿದ್ರೆ ಅವರ ಮಾನ ಹೋಗುತ್ತೆ, ನನ್ನದೂ ಹೋಗುತ್ತೆ."

"ನಾನ್ಯಾಕೆ ಹೇಳ್ಲಿ ಅತ್ತೆ? ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳೋದು ಅಂತ ಯೋಚನೆ, ಅಷ್ಟೆ."

"ಕಳ್ಳಿ! ನನ್ನನ್ನೇ ಹೆದರಿಸ್ತೀಯಾ?" ಎಂದ ಅತ್ತೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬಳಿಕ, "ಮದುವೆ ಆದ್ಮೇಲೆ ಆ ಕಿಟಕೀಲಿ ಯಾರಿರ್ತಾರೆ? ನಾನು ಇಲ್ಲೇ ಬಂದ್ನಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಏನೋ ಹೊಳೆದಂತಿತ್ತು.

ರಜೆಯ ದಿನ ಬೆಳಿಗ್ಗೆ ಹದಿನಾರು ಮಂದಿಯೂ ಮೊದಲ ಅಂಗಡಿಯಲ್ಲಿ ಸೇರಿದರು. ಗಾಳಿಗೆ ವಾಲಿದ ಜೋಳದ ಹೊಲದಂತೆ ಕಾಣುತ್ತಿದ್ದರೆಂದು ಇಸ್ತ್ರಿಯವನ ವರ್ಣನೆ. ಪೆಟ್ಟಿಗೆ ಅತ್ತೆಯ ತೊಡೆಯ ಮೇಲಿತ್ತು.

ಇಂಚುಪಟ್ಟಿ ಗಂಟಲು ಸರಿಮಾಡಿಕೊಂಡ. "ಅಮ್ಮ, ನಿಮ್ಮ ಸೊಸೆ ಒಳ್ಳೇವ್ಳೇ. ಆದ್ರೆ ದೊಡ್ಡ ಮಾಸ್ಟರು ಕುತ್ತಿಗೆ ಓರೆ ಮಾಡದೆ ಒಂದು ಗುಂಡೀನೂ ಹಚ್ಚಲಿಲ್ಲ. ನಾನೇ ಕಣ್ಣಾರೆ ನೋಡಿದೀನಿ."

"ಎಷ್ಟು ವರ್ಷ ನೋಡ್ದೆಯಪ್ಪ?"

"ಮೂರು ವರ್ಷ, ಅಮ್ಮ."

"ಆಮೇಲೆ?"

"ಆಮೇಲೆ ನನ್ನದೇ ಅಂಗಡಿ ಹಾಕಿದ್ನಲ್ಲ."

"ಅದನ್ನೇ ಹೇಳ್ತಿರೋದು. ನೀವೆಲ್ಲ ಅರ್ಧ ಕಲಿತು ಓಡ್ಹೋದ್ರಿ. ನಾಲ್ಕನೇ ವರ್ಷ ಅವರ ಕುತ್ತಿಗೆ ನೆಟ್ಟಗಾಯ್ತು. ಸಾಯೋ ತನಕ ನೆಟ್ಟಗೇ ಇತ್ತು."

ಹಿಂದೆ ಕೂತಿದ್ದ ಶಿಷ್ಯನೊಬ್ಬ ಕೇಳಿದ.

"ನಮಗೆ ಹಾಗೆ ಕಾಣ್ಲಿಲ್ವಲ್ಲ ಅಮ್ಮ?"

"ನೀವು ನೋಡಿದ್ದೆಲ್ಲ ಓರೆಯಾಗಿ. ಕಾಣೋದು ಹೇಗೆ?"

ಇಂಚುಪಟ್ಟಿ ತಡವರಿಸಿದ. "ಯಾಕೆ... ಯಾಕೆ ನೆಟ್ಟಗಾಯ್ತು?"

ಅತ್ತೆ ಪೆಟ್ಟಿಗೆಯ ಮುಚ್ಚಳವನ್ನು ಸವರಿದಳು. "ಹುಡುಕ್ತಿದ್ದದ್ದು ಸಿಕ್ತು. ಇನ್ನು ಯಾಕೆ ಬಗ್ಗಿ ನೋಡ್ತಾರೆ?"

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹದಿನಾರು ಮಂದಿ ದೊಡ್ಡ ತತ್ತ್ವ ಕೇಳಿದವರಂತೆ ತಲೆದೂಗಿದರು. ಸೊಸೆ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಅತ್ತೆ ಕತ್ತರಿಯನ್ನು ಎತ್ತಿ ಅವಳ ಕೈಗಿಟ್ಟಳು.

"ಹಿಡಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ."

ಮರುದಿನ ಬೆಳಿಗ್ಗೆ ಬೀದಿಯ ಕುತ್ತಿಗೆಗಳೆಲ್ಲ ನೆಟ್ಟಗಾಗಿದ್ದವು. ನೋವಿಗೆ ಎಣ್ಣೆ ಹಚ್ಚಿಸಿಕೊಂಡವರೇ ಹೆಚ್ಚು. ತನಗೆ ಹಿಂದಿನ ರಾತ್ರಿಯೇ ಸಿದ್ಧಿಯಾಯಿತೆಂದು ಇಂಚುಪಟ್ಟಿ ಎಲ್ಲರಿಗಿಂತ ಮೊದಲು ಹೇಳಿಕೊಂಡ. ವಾರದೊಳಗೆ ಬೋರ್ಡುಗಳು ನೇರವಾದವು. ಹೆಡ್ ಮಾಸ್ತರು ಅದೇ ಅಂಗಿ ತೊಟ್ಟು ಬಂದು, "ಈಗ ನೋಡಮ್ಮ, ಎಷ್ಟು ಚೆನ್ನಾಗಿ ತಿದ್ದಿದೀಯ!" ಎಂದರು. ಸೊಸೆ ಅದಕ್ಕೆ ಸೂಜಿಯನ್ನೂ ಮುಟ್ಟಿಸಿರಲಿಲ್ಲ. ಬೀದಿಯಲ್ಲಿ ತಲೆ ವಾಲಿಸಿ ನಡೆದವರನ್ನು ಕಂಡರೆ ಈಗ, "ಅರೆಬೆಂದವನು" ಎಂದು ಗೊಣಗುತ್ತಾರೆ.

ಇಸ್ತ್ರಿಯವನ ಪಾಠ ಇಲ್ಲಿಗೆ ನಿಲ್ಲುತ್ತದೆ. ಗುಂಡಿ ಮಾರುವವಳು ಇನ್ನೂ ಸ್ವಲ್ಪ ಹೇಳುತ್ತಾಳೆ.

ಕತ್ತರಿ ಕೈಸೇರಿದ ಮೇಲೆ ಸೊಸೆ ಬೆಳಕಿಗೆಂದು ಮೇಜನ್ನು ಕಂಬದ ಆಚೆಗೆ ಎಳೆಸಿದಳಂತೆ. ಹದಿನೈದು ದಿನ ಕಳೆದಿರಬಹುದು. ಒಳಗೆ ಕಾಜಾ ಹೊಲಿಯುತ್ತಿದ್ದ ಗಂಡನ ಕಡೆ ತಿರುಗಿ ನೋಡಿದರೆ, ಇಡೀ ಬೀದಿಯಲ್ಲಿ ಅವನೊಬ್ಬನ ಕುತ್ತಿಗೆ ಇನ್ನೂ ಓರೆ.

"ಏನ್ರೀ, ಎಲ್ಲರದೂ ನೆಟ್ಟಗಾಯ್ತು, ನಿಮ್ಮದು ನಾಯಿ ಬಾಲನಾ?"

"ಏನು ಮಾಡ್ಲಿ," ಎಂದ ಅವನು, ದಾರ ಕಡಿಯುತ್ತ. "ನೀನು ಮೇಜು ಕಂಬದಾಚೆ ಹಾಕ್ಕೊಂಡೆ."

ಅವಳ ಕತ್ತರಿ ಗೆರೆಯ ಮೇಲೆ ನಿಂತುಬಿಟ್ಟಿತು. ಮೇಜನ್ನು ಮತ್ತೆ ಒಳಗೆ ಎಳೆಸುವುದು ಅರ್ಧ ಗಳಿಗೆಯ ಕೆಲಸ. ಎಳೆಸಲಿಲ್ಲ.