ಹನ್ನೆರಡನೆಯ ತಂಬಿಗೆ

ನಾನು ಸುಳ್ಳು ಹೇಳುವವಳಲ್ಲ. ಹಾಗಂತ ವಾರ್ಡಿನಲ್ಲೆಲ್ಲ ನಾನೇ ಡಂಗುರ ಸಾರಿಕೊಂಡಿದ್ದೆ. ಆಯಾ ತುಂಗಾಬಾಯಿ ವಾರ್ಡಿನಲ್ಲಿ ಉಳಿದ ಹಾಲನ್ನು ಮನೆಗೆ ಒಯ್ಯುತ್ತಾಳೆಂದು ಮೇಟ್ರನ್‌ಗೆ ಹೇಳಿದವಳೂ ನಾನೇ. ಕಾಶಿಯ ಆ ಮಿಶನ್ ಆಸ್ಪತ್ರೆಯಲ್ಲಿ ನಾನು ನರ್ಸು; ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಇಬ್ಬರೂ ಬೆಟಗೇರಿಯವರು, ಒಂದೇ ಚರ್ಚಿನಲ್ಲಿ ಬೆಳೆದವರು. ಆದರೂ ಅವಳು ಎಲ್ಲರೆದುರು ತಪ್ಪಾಯಿತೆಂದು ಕೈಮುಗಿದಾಗ ನನಗೆ ಹಾಯೆನಿಸಿತ್ತು. ಅಂದಿನಿಂದ ಅವಳು ನನ್ನನ್ನು ವಿನೋದಾ ಎಂದು ಕರೆದಿಲ್ಲ. ಸಿಸ್ಟರ್ ಎನ್ನುತ್ತಾಳೆ, ಆ ಒಂದು ಮಾತಿನಲ್ಲೇ ಮೆಣಸಿನಕಾಯಿ ಅರೆಯುತ್ತಾಳೆ.

ಎಪ್ಪತ್ನಾಲ್ಕರ ರೈಲು ಮುಷ್ಕರದಲ್ಲಿ ಯಾತ್ರೆಗೆ ಬಂದವರು ಕಾಶಿಯಲ್ಲೇ ಸಿಕ್ಕಿಬಿದ್ದರು. ಅವರಲ್ಲಿ ಬಾಗಲಕೋಟೆಯ ತುಳಸಮ್ಮನವರಿಗೆ ವಾಂತಿಭೇದಿ ಹತ್ತಿತು. ಅವರನ್ನು ಮನೆಯಲ್ಲಿ ಇಳಿಸಿಕೊಂಡಿದ್ದ ಅಸ್ಸಿ ಘಾಟಿನ ಪುರೋಹಿತ ವಾಸುದೇವ ಭಟ್ಟರು ರಿಕ್ಷಾದಲ್ಲಿ ತಂದು ನಮ್ಮಲ್ಲಿ ಸೇರಿಸಿದರು. ಮುದುಕಿ ಮಹಾ ಮಡಿ, ನಮ್ಮ ನೀರು ಮುಟ್ಟಲೊಲ್ಲರು. "ಗಂಗಾಕ್ಕ ಮೈಲಿಗಿ ಇಲ್ಲ ತಂಗಿ. ಗಂಗಾ ಆದ್ರ ಯಾರ ಕೈಲೆ ಕೊಟ್ರೂ ಕುಡೀತೀನಿ," ಎಂದರು. ಭಟ್ಟರು ದಿನಾ ಬೆಳಿಗ್ಗೆ ತಾಮ್ರದ ತಂಬಿಗೆಯಲ್ಲಿ ಹೊಳೆಯ ನೀರು ತಂದಿಡುತ್ತಿದ್ದರು. ಕಾಯಿಸಿದ ನೀರಲ್ಲದೆ ಒಂದು ಹನಿಯೂ ಬಾಯಿಗೆ ಹೋಗಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ನಾನು ತಂಬಿಗೆಯನ್ನು ಮೋರಿಗೆ ಬೋರಲು ಹಾಕಿ, ಕಾಯಿಸಿ ಆರಿಸಿದ ನೀರು ತುಂಬಿ, "ತಗೋರಿ ಅಮ್ಮಾ, ಗಂಗಾ" ಎಂದು ಕುಡಿಸುತ್ತಿದ್ದೆ. ಅವರು ಕಣ್ಣಿಗೊತ್ತಿಕೊಂಡು ಕುಡಿಯುವಾಗ ನಗು ತಡೆಯಲು ಚಾರ್ಟಿನ ಕಡೆ ತಿರುಗುತ್ತಿದ್ದೆ.

ಹನ್ನೊಂದು ದಿನ ಹೀಗೆ ನಡೆಯಿತು. ಹನ್ನೆರಡನೆಯ ದಿನ, ಶುಕ್ರವಾರ, ಅವರನ್ನು ಭಟ್ಟರ ಮನೆಗೆ ಕಳಿಸುವುದೆಂದಾಯಿತು. ಅಂದು ನಾನು ಕುಡಿಸುವುದೇನೂ ಇರಲಿಲ್ಲ. ಆದರೂ ರೂಢಿಯಂತೆ ತಂಬಿಗೆ ಬೋರಲು ಹಾಕಿದೆ, ಕಾಯಿಸುವ ಗೋಜಿಗೂ ಹೋಗದೆ ನಳದ ಕೆಳಗೆ ಹಿಡಿದೆ. ತುಂಗಾಬಾಯಿ ಬೆಡ್‌ಪ್ಯಾನ್ ತೊಳೆಯುತ್ತ ಪಕ್ಕದಲ್ಲೇ ಇದ್ದಳು.

ತುಳಸಮ್ಮ ಆ ತಂಬಿಗೆಯನ್ನು ಎದೆಗವಚಿಕೊಂಡರು. "ನನ್ನ ಉಳಿಸಿದ ನೀರು ಇದು. ಬೆಸಿಗಿ ಹಾಕ್ಸಿ ಊರಿಗೆ ಒಯ್ತೀನಿ. ಮನ್ಯಾಗ ನಮ್ಮ ಯಜಮಾನ್ರು ಮೂರು ವರ್ಷ ಆತು, ಹಾಸಿಗಿ ಹಿಡದಾರ. ಗಂಗಾ ಬಾಯಾಗ ಬೀಳೂತನಕಾ ಹೋಗೂದಿಲ್ಲಂತ ಜೀವ ಹಿಡಕೊಂಡು ಕೂತಾರ," ಎಂದರು. ನಾನು ತಂಬಿಗೆ ಸಮೇತ ಅವರನ್ನು ರಿಕ್ಷಾ ಹತ್ತಿಸಿದೆ.

ಮರುದಿನ ಪಾದ್ರಿಗಳು ವಾರ್ಡಿಗೆ ಬಂದು ಭಾನುವಾರ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಹೆಸರು ಬರೆದುಕೊಂಡರು. ಮನಸ್ಸಿನಲ್ಲಿ ಕಪಟವೋ ಹಗೆಯೋ ಉಂಟೇ ಎಂದು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದರು. ಏನೂ ಇಲ್ಲ ಎಂದೆ. ಅವರು ಆಚೆ ಹೋದದ್ದೇ ತುಂಗಾಬಾಯಿ ಎದುರಿಗೆ ಬಂದು ನಿಂತಳು.

"ಭಾಳ ಸ್ವಚ್ಛ ಅದೀರಿ ಸಿಸ್ಟರ್. ನಾ ಒಯ್ದದ್ದು ಒಂದು ಲೋಟ ಹಾಲು. ನೀವು ಒಬ್ಬರು ಸಾಯೂ ಹೊತ್ತಿಗೆ ಕುಡಿಯೂ ನೀರು ಗಟಾರಕ್ಕ ಸುರುವಿದ್ರಿ."

"ಬಾಯಿ ಮುಚ್ಚು. ಡಾಕ್ಟರ್ ಹೇಳಿದ್ರು, ಮಾಡಿದೆ."

"ಹನ್ನೊಂದು ದಿನಾ ಡಾಕ್ಟರ್ ಹೇಳಿದ್ರು. ನಿನ್ನೆ ಯಾರು ಹೇಳಿದ್ರು?"

"ನಳದ ನೀರೂ ಅದಽ ಹೊಳಿದು. ಅಸ್ಸಿ ಹತ್ರ ಪಂಪ್ ಐತಿ, ಹೋಗಿ ನೋಡ್ಕೊಂಡು ಬಾ. ನಮಗ ಹೊಳಿ ಅಂದ್ರ ಬರೇ ಹೊಳಿ. ಇದರಾಗ ಪಾಪ ಎಲ್ಲೈತಿ?"

"ಅದಽ ಹೊಳಿದಾದ್ರ ಆ ಅಮ್ಮಗ ಹಂಗಽ ಹೇಳಿ ಕೊಡಬೇಕಿತ್ತು. ಯಾಕ ಹೇಳ್ಲಿಲ್ಲ?"

ಕೆನ್ನೆಗೊಂದು ಬಿಡಬೇಕೆನಿಸಿತು. ಅವಳಿಗೆ ನನ್ನ ಆತ್ಮದ ಚಿಂತೆ ಏನೇನೂ ಇರಲಿಲ್ಲ, ಹಾಲಿನ ಸೇಡು ತೀರಿಸಿಕೊಳ್ಳುತ್ತಿದ್ದಳು. ಆದರೆ ಸೇಡಿಗೆ ಕೇಳಿದ ಪ್ರಶ್ನೆಗೂ ಉತ್ತರ ಬೇಕಲ್ಲ. ನನ್ನಲ್ಲಿ ಇದ್ದ ಉತ್ತರ ಒಂದೇ. ಅವರ ಗಂಗೆ ನನಗೆ ಮೋಜಾಗಿತ್ತು. ಆ ಮೋಜಿಗೆ ಬಾಗಲಕೋಟೆಯಲ್ಲಿ ಒಬ್ಬ ಮನುಷ್ಯ ನಳದ ನೀರು ಕುಡಿದು, ಗಂಗೆ ಸಿಕ್ಕಿತೆಂದು ಸಾಯಬೇಕಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮುಷ್ಕರ ಮುಗಿದು ರೈಲುಗಳು ಓಡತೊಡಗಿದ್ದವು; ತುಳಸಮ್ಮನವರ ಗಾಡಿ ಅಂದೇ ನಾಲ್ಕು ಗಂಟೆಗೆ. ಮಧ್ಯಾಹ್ನ ಡ್ಯೂಟಿ ಮುಗಿದ ಕೂಡಲೇ ರಿಕ್ಷಾ ಹತ್ತಿದೆ.

ಭಟ್ಟರ ಮನೆಯ ಜಗುಲಿಯಲ್ಲಿ ಗಂಟುಮೂಟೆ ಸಿದ್ಧವಾಗಿತ್ತು. ಬಾಯಿಗೆ ಬೆಸುಗೆ ಹಾಕಿದ ತಂಬಿಗೆ ತುಳಸಮ್ಮನವರ ತೊಡೆಯ ಮೇಲಿತ್ತು. "ಬಾ ತಂಗಿ, ಕಳಸಲಿಕ್ಕೆ ಬಂದ್ಯೇನು?" ಎಂದು ಮುಖವರಳಿಸಿದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ.

"ಅರೇ ರಾಮ್ ರಾಮ್! ನಿಕಲೋ ಇಲ್ಲಿಂದ!" ಎಂದು ಭಟ್ಟರು ಕೂಗಾಡಿದರು. ತುಳಸಮ್ಮ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು.

"ಉಳದ ಹನ್ನೊಂದು ದಿನಾ ಕುಡಿಸಿದ್ದು?"

"ಕಾಯಿಸಿದ ನೀರ್ರೀ. ಅದಕ್ಕಽ ನೀವು ಉಳಕೊಂಡ್ರಿ."

"ಉಳದದ್ದು ಹಾಳಾಗ್ಲಿ. ನಾ ಕಣ್ಣಿಗೆ ಒತ್ತಿಕೊಂಡು ಕುಡಿಯೂವಾಗ ನೀ ನಗತಿದ್ದ್ಯೇನು?"

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಹೂಂ ರೀ," ಎಂದೆ.

ತುಳಸಮ್ಮ ಭಟ್ಟರಿಂದ ಬೆಸುಗೆ ಕೀಳಿಸಿ, ಆ ನೀರನ್ನು ನನ್ನ ಕಾಲ ಬುಡದ ಮೋರಿಗೆ ಸುರಿದರು. "ಕೊಡ್ರೀ ಅಮ್ಮಾ, ನಾನಽ ಇಳದು ತುಂಬಕೊಂಡು ಬರ್ತೀನಿ," ಎಂದು ಕೈಯೊಡ್ಡಿದೆ. ಆರು ವರ್ಷ ಕಾಶಿಯಲ್ಲಿದ್ದೂ ನಾನು ಆ ಹೊಳೆಗೆ ಕಾಲಿಟ್ಟವಳಲ್ಲ.

"ನೀ ತಂದದ್ದು ಗಂಗಾ ಅಂತ ನಾ ಹೆಂಗ ನಂಬ್ಲಿ?"

ಭಟ್ಟರು ತಾವು ತರುವೆನೆಂದರು. "ಬ್ಯಾಡ. ಇನ್ನ ಯಾರ ಕೈಯಾಗೂ ಕೊಡೂದಿಲ್ಲ," ಎಂದು ತುಳಸಮ್ಮ ಗೋಡೆ ಹಿಡಿದು ಎದ್ದರು.

ಹನ್ನೆರಡು ದಿನ ನಾನೇ ಎಬ್ಬಿಸಿ ಕೂರಿಸಿದ ದೇಹ ಅದು. ಎರಡು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಪಕ್ಕದ ಘಾಟಿನ ಮೆಟ್ಟಿಲು ಬಿಸಿಲಿಗೆ ಕಾದಿತ್ತು, ಬೇಸಿಗೆಯ ಹೊಳೆ ಎಲ್ಲೋ ಕೆಳಗೆ ಸರಿದಿತ್ತು. ಮೂರನೆಯ ಮೆಟ್ಟಿಲಿಗೇ ಅವರು ತಡವರಿಸಿದರು. ನಾನು ಓಡಿಹೋಗಿ ಕೈ ಚಾಚಿದೆ.

ಅವರು ನನ್ನ ಕೈಯನ್ನು ನೋಡಿದರು. ಆಮೇಲೆ ಕಾದ ಕಲ್ಲಿನ ಮೇಲೆ ಕೂತು, ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಜಾರುತ್ತ ಹೊಳೆಯವರೆಗೂ ಕೂತುಕೊಂಡೇ ಇಳಿದರು.