ಕ್ಯಾಜ್ ಡುಡೆಕ್‌ನ ಎಡಗಿವಿ

೧
ಎಲ್ಲಿಂದ ಶುರು ಮಾಡಲಿ? 'ಸಾವಿರದ ಒಂಬೈನೂರ ನಲವತ್ಮೂರು, ಪೆನ್ಸಿಲ್ವೇನಿಯಾದ ಉಕ್ಕಿನ ಊರು, ಹೊಗೆ' ಎಂದು ಬರೆದೆ. ಹೊಡೆದುಹಾಕಿದೆ. ಹೊಗೆಯಿಂದ ಶುರುವಾಗುವ ಕಥೆಗಳನ್ನು ಈಗಾಗಲೇ ಏಳು ಬರೆದಿದ್ದೇನೆ. ಓದಿದವರು ಇಬ್ಬರು, ಅದರಲ್ಲಿ ಒಬ್ಬ ನಾನು.

೧ (ಮತ್ತೆ)
ಸರಿ, ಕಿವಿಯಿಂದ ಶುರು ಮಾಡೋಣ. ಉಕ್ಕಿನ ಕಾರ್ಖಾನೆಗೆ ಸೇರಿದ ಮೇಲಿಂದ ಕ್ಯಾಜ್ ಡುಡೆಕ್‌ಗೆ ಎಡಗಿವಿ ಕೇಳುವುದಿಲ್ಲ. ಅದಕ್ಕೇ ಸೈನ್ಯ ಅವನನ್ನು ಬೇಡವೆಂದಿತು. ಆಟಗಾರರೆಲ್ಲ ಯುದ್ಧಕ್ಕೆ ಹೋಗಿ ಬರಿದಾಗಿದ್ದ ಫುಟ್‌ಬಾಲ್ ತಂಡ (ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲ್) ಬಾ ಎಂದಿತು. ಹಗಲು ಕುಲುಮೆ, ಸಂಜೆ ಅಭ್ಯಾಸ, ಭಾನುವಾರ ಪಂದ್ಯ. ಕಿವಿಯ ವಿಷಯ ಕೋಚ್‌ಗೆ ಹೇಳಲಿಲ್ಲ. ಎದುರಾಳಿಗಳನ್ನು ತಡೆಯುವವರ ಸಾಲಿನ ಎಡಬದಿಯಲ್ಲಿ ನಿಂತರೆ, ನಡುವೆ ನಿಂತು ಅಂಕಿ ಕೂಗಿ ಆಟ ಶುರುಮಾಡಿಸುವ ಕ್ವಾರ್ಟರ್‌ಬ್ಯಾಕ್ ಬಲಗಿವಿಗೆ ಸಿಗುತ್ತಾನೆ. ಗೊತ್ತು ಮಾಡಿಕೊಂಡ ಅಂಕಿಗೆ ನುಗ್ಗಿದರಾಯಿತು.

೨
ಪಕ್ಕದ ಮನೆಯ ಬ್ರೋನ್ಯಾ ಅತ್ತೆ, ತಾಯಿಯಿಲ್ಲದ ಕ್ಯಾಜ್‌ಗೆ ಪಿಯೆರೋಗಿ, ಅಂದರೆ ಆಲೂಗಡ್ಡೆ ತುಂಬಿದ ಪೋಲಿಷ್ ಕಡುಬು, ತಿನ್ನಿಸಿ ಬೆಳೆಸಿದವಳು. ಅವಳ ಮಗ ಝಿಗ್ಗಿ ಇಟಲಿಯಲ್ಲಿ ಸತ್ತ. ಅಂದಿನಿಂದ ಅವಳು ಕ್ಯಾಜ್‌ನನ್ನು ಮಾತಾಡಿಸಿದ್ದು ಒಂದೇ ಸಲ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರ ಮುಂದೆ:

"ಏನೋ, ಗುಂಡಿನ ಸದ್ದಿಗೆ ಕಿವುಡು, ಚಪ್ಪಾಳೆ ಮಾತ್ರ ಚೆನ್ನಾಗಿ ಕೇಳುತ್ತಾ?"

ಕಿವಿ ನಿಜಕ್ಕೂ ಹೋಗಿದೆ ಎಂದು ಅತ್ತೆ ತನ್ನನ್ನು ನಂಬಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಮೊದಲ ಅಂತ್ಯ
(ಕೊನೆಯ ನಿಮಿಷದಲ್ಲಿ ಕ್ಯಾಜ್ ತಂಡವನ್ನು ಗೆಲ್ಲಿಸುತ್ತಾನೆ, ಅತ್ತೆ ಅಪ್ಪಿಕೊಳ್ಳುತ್ತಾಳೆ.)

"ಥೂ, ಹರಿದುಹಾಕಿ ಸಾರ್," ಎಂದ ಕ್ಯಾಜ್. "ನಾನು ಚೆನ್ನಾಗಿ ಆಡಿದಷ್ಟೂ ಅತ್ತೆ ಕಣ್ಣಿಗೆ ಸುಳ್ಳುಬುರುಕ."

"ಮತ್ತೇನು, ಸೋಲ್ತೀಯಾ?"

"ಅದಾದ್ರೂ ನಿಮ್ ಕೈಲಿ ಬರೆಯೋಕಾಗುತ್ತಾ?"

(ನನ್ನ ಪಾತ್ರಗಳೂ ವಿಮರ್ಶಕರ ಜೊತೆ ಸೇರಿಕೊಂಡಿವೆ.)

೩
ನವೆಂಬರ್. ಬಲಬದಿಯವನಿಗೆ ಸೈನ್ಯದ ಕರೆ ಬಂತು. ಕೋಚ್ ಕ್ಯಾಜ್‌ನನ್ನು ಅಲ್ಲಿಗೆ ಹಾಕಿದ; ಅಂಕಿ ಕೂಗುವವನು ಈಗ ಎಡಗಿವಿಯ ಕಡೆ. ನಿಜ ಹೇಳಿದರೆ ಜಾಗ ಹೋಗುತ್ತದೆ. ಕಣ್ಣಲ್ಲೇ ನೋಡಿ ಸಂಭಾಳಿಸುತ್ತೇನೆ ಅಂದುಕೊಂಡ. ಆಗಲಿಲ್ಲ. ಎಲ್ಲರೂ ನುಗ್ಗಿದ ಮೇಲೆ ಇವನು ನುಗ್ಗಿದ, ಮೂರು ಸಲ. ಮೂರನೆಯ ಸಲ, ಇವನು ತಡೆಯಬೇಕಿದ್ದ ಎದುರಾಳಿ ಒಳನುಗ್ಗಿ ಕ್ವಾರ್ಟರ್‌ಬ್ಯಾಕ್‌ನ ಎರಡು ಹಲ್ಲು ಉದುರಿಸಿದ. ಕೋಚ್ ಓಡಿಬಂದು ಅವನ ಎಡಗಡೆ ನಿಂತು, "ಡುಡೆಕ್! ತೊಲಗೋ ಆಚೆ!" ಎಂದು ಕಿರುಚಿದ. ಕ್ಯಾಜ್ ತನ್ನ ಪಾಡಿಗೆ ಬೂಟಿನ ದಾರ ಕಟ್ಟುತ್ತಿದ್ದ. ಮೈದಾನವೆಲ್ಲ ಘೊಳ್ಳೆಂದಿತು. ಸೈನಿಕರಿಗೆ ಪಾರ್ಸೆಲ್ ಕಳಿಸಲೆಂದು ಚರ್ಚಿನ ಹೆಂಗಸರ ಜೊತೆ ಪಿಯೆರೋಗಿ ಮಾರುತ್ತಿದ್ದ ಬ್ರೋನ್ಯಾ ಅತ್ತೆ ಮಾತ್ರ ನಗಲಿಲ್ಲ.

ಒಟ್ಟು ಒಂಬತ್ತು ಪಂದ್ಯ. ಕ್ಯಾಜ್‌ನ ಆಟದ ಬದುಕು ಅಲ್ಲಿಗೆ ಮುಗಿಯಿತು.

ಇನ್ನೊಂದು ಅಂತ್ಯ, ಅಥವಾ ಅದೂ ಅಲ್ಲ
ಗೇಟಿನ ಹೊರಗೆ ಅತ್ತೆ ತಟ್ಟೆ ಕೆಳಗಿಟ್ಟು, ಅವನ ಪಕ್ಕ ನಿಂತು, ಅಳುತ್ತ ಬಹಳ ಹೊತ್ತು ಏನೋ ಹೇಳಿದಳು. ನಿಂತಿದ್ದು ಎಡಗಡೆ.

"ಏನಂದ್ರು ಸಾರ್?"

ನನಗೂ ಕೇಳಿಸಲಿಲ್ಲ. ದೂರದಲ್ಲಿ ಕೂತು ವಾಕ್ಯ ತಿದ್ದುತ್ತಿದ್ದೆ. 'ತಪ್ಪಾಯ್ತು ಮಗನೇ' ಎಂದು ಬರೆಯಬಲ್ಲೆ. 'ನನ್ನ ಝಿಗ್ಗಿಗೂ ಕಿವಿ ಕೇಳದೇ ಇದ್ದಿದ್ದರೆ' ಎಂದೂ ಬರೆಯಬಲ್ಲೆ.

"ನೀವು ಬರೀಬೇಡಿ," ಎಂದ ಕ್ಯಾಜ್. ಅವಳ ಕಡೆ ತಿರುಗಿದ. "ಅತ್ತೆ, ಈ ಕಡೆ ಬಂದು ಇನ್ನೊಂದ್ಸಲ ಹೇಳು."

ಅತ್ತೆ ಕಣ್ಣೊರೆಸಿಕೊಂಡು ಬಲಗಡೆಗೆ ಸುತ್ತಿ ಬರುತ್ತಿದ್ದಾಳೆ. ನಾನಿನ್ನು ಬಾಯಿ ಮುಚ್ಚುತ್ತೇನೆ.